ಅರ್ಹತಾ ಓಟವೂ ಅಡಿಕೆ ಗೊನೆಯೂ



ಕಾಫಿ ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಕಾರು ಪಂದ್ಯದ ಮಾತೇಕೆ ಎಂದು ಕೆಲವರಾದರೂ ಹುಬ್ಬೇರಿಸಬಹುದು. ಧಾರಣೆ ಪಟ್ಟಿ, ಗೊಬ್ಬರದ ದಾಸ್ತಾನು, ಬೋರ್ಡೋ ದ್ರಾವಣದ ಅಳತೆ ಇವೆಲ್ಲ ಎಂದಿನಂತೆ ಬೇರೆ ಪುಟಗಳಲ್ಲಿ ಇದ್ದೇ ಇವೆ. ಈ ಪುಟ ಬರೆಯಲು ಕಾರಣನಾದವನು ನನ್ನ ಅಕ್ಕನ ಮಗ.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಈತ ಗುಬ್ಬಿ ಕಡೆ ಇರುವ ತನ್ನ ಒಂದೂವರೆ ಎಕರೆಗೆ ಅಡಿಕೆ ಹಾಕಲು ಹೊರಟಿದ್ದಾನೆ. ಕಳೆದ ತಿಂಗಳು ಮನೆಗೆ ಬಂದವನು ಮೊಬೈಲಿನಲ್ಲಿ ಒಂದು ತೋಟದ ಚಿತ್ರ ತೋರಿಸಿದ. ಮರಕ್ಕೆ ನಾಲ್ಕೈದು ಗೊನೆ, ಕಾಯಿ ಒತ್ತೊತ್ತಾಗಿ ಕಚ್ಚಿವೆ. ನೋಡಿದರೆ ಯಾರಿಗಾದರೂ ಆಸೆಯಾಗಬೇಕು.

“ಮಾವ, ಈ ತೋಟದ್ದೇ ಎಂಟುನೂರು ಸಸಿ ಹೇಳಿಬಿಡ್ತೀನಿ. ಮುಂಗಡ ಕೊಟ್ಟರೆ ಆಯ್ತು.”

“ಎಷ್ಟು ವರ್ಷದಿಂದ ಹೀಗೆ ಬಿಡ್ತಿದೆಯಂತೆ?”

“ನಾನು ನೋಡಿದ್ದು ಈ ವರ್ಷ.”

“ಹಾಗಾದರೆ ಇದು ಶನಿವಾರದ ಫಲಿತಾಂಶ ಕಣಪ್ಪ. ಭಾನುವಾರದ್ದು ಇನ್ನೂ ಬಂದಿಲ್ಲ” ಎಂದೆ. ಅವನು ಜೋರಾಗಿ ನಕ್ಕುಬಿಟ್ಟ. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಮಾತು. ಅದರ ಹಿಂದಿನ ಪ್ರಸಂಗವನ್ನು ತಮ್ಮೆಲ್ಲರ ಮುಂದಿಡುವುದು ಉಪಯುಕ್ತವೆಂದು ತೋರಿತು.

ಕ್ಯಾತ್ಸಂದ್ರದ ವಾದ

2009ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ. ನಾನು, ಆಗಿನ್ನೂ ಕಾಲೇಜಿನಲ್ಲಿದ್ದ ಅಕ್ಕನ ಮಗ, ಅವನ ಇಬ್ಬರು ಸ್ನೇಹಿತರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕುಳಿತಿದ್ದೆವು. ಇಡ್ಲಿ ಆರುತ್ತಿದ್ದರೂ ಹುಡುಗರಿಗೆ ಅದರ ಕಡೆ ಗಮನವಿಲ್ಲ. ಮೇಜಿನ ಮೇಲೆ ದಿನಪತ್ರಿಕೆ ಹರಡಿಕೊಂಡು ಭಾರಿ ಚರ್ಚೆ ನಡೆಸಿದ್ದರು.

ವಿಷಯ ಇಷ್ಟು. ಫಾರ್ಮುಲಾ ಒನ್ ಎಂಬ ಕಾರು ಪಂದ್ಯದಲ್ಲಿ ಶನಿವಾರ ಅರ್ಹತಾ ಓಟ, ಭಾನುವಾರ ನಿಜವಾದ ಪಂದ್ಯ. ಅರ್ಹತಾ ಓಟದಲ್ಲಿ ಒಂದೇ ಒಂದು ಸುತ್ತನ್ನು ಯಾರು ಅತಿ ಕಡಿಮೆ ಸಮಯದಲ್ಲಿ ಮುಗಿಸುತ್ತಾರೋ ಅವರು ಮರುದಿನ ಎಲ್ಲರಿಗಿಂತ ಮುಂದೆ ನಿಂತು ಹೊರಡುತ್ತಾರೆ. ಹಿಂದಿನ ದಿನ ಬೆಲ್ಜಿಯಂ ದೇಶದ ಸ್ಪಾ ಎಂಬಲ್ಲಿ ಆ ಮೊದಲ ಸ್ಥಾನ ಫೋರ್ಸ್ ಇಂಡಿಯಾ ತಂಡದ ಇಟಲಿ ಚಾಲಕ ಜಾನ್‌ಕಾರ್ಲೊ ಫಿಸಿಕೆಲ್ಲಾ ಅವರಿಗೆ ಸಿಕ್ಕಿತ್ತು. ಏಳು ಕಿಲೋಮೀಟರಿನ ಸುತ್ತನ್ನು ಅವರು 1 ನಿಮಿಷ 46.308 ಸೆಕೆಂಡಿನಲ್ಲಿ ಮುಗಿಸಿದ್ದರು.

ಇದರಲ್ಲಿ ಅಚ್ಚರಿ ಏನೆಂದರೆ, ಅದು ಹಿಂದಿನ ಸಾಲಿನ ತಂಡ. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ ಅವರು 2007ರಲ್ಲಿ ಪಾಲುದಾರರೊಡನೆ ಕೊಂಡ ಈ ತಂಡ 2008ರ ಹದಿನೆಂಟು ಪಂದ್ಯಗಳಲ್ಲಿ ಒಂದಂಕವನ್ನೂ ಗಳಿಸಿರಲಿಲ್ಲ. 2009ರಲ್ಲಿ ಅಲ್ಲಿಯವರೆಗೆ ನಡೆದ ಹನ್ನೊಂದು ಪಂದ್ಯಗಳಲ್ಲಿಯೂ ಸೊನ್ನೆಯೇ. ಕಾರು ತಯಾರಾಗುತ್ತಿದ್ದುದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ, ಚಾಲಕರು ಹೊರದೇಶದವರು. ಆದರೂ ಹೆಸರಿನಲ್ಲಿ ಇಂಡಿಯಾ ಇದೆ, ಮಾಲೀಕರು ನಮ್ಮ ರಾಜಧಾನಿಯವರು. ಹುಡುಗರ ಪಾಲಿಗೆ ಅದು ‘ನಮ್ಮ ತಂಡ’. ಅಂಥದ್ದು ಫೆರಾರಿ, ಮೆಕ್ಲಾರೆನ್‌ಗಳನ್ನು ಹಿಂದೆ ಹಾಕಿತ್ತು.

ಒಬ್ಬ ಹುಡುಗ ಹೇಳಿದ: “ಪೆಟ್ರೋಲ್ ಕಮ್ಮಿ ಹಾಕಿರ್ತಾರೆ ಬಿಡ್ರೋ. ಕಾರು ಹಗುರ ಇದ್ರೆ ಓಡದೆ ಏನ್ಮಾಡತ್ತೆ?” ಈ ಮಾತಿನಲ್ಲಿ ಹುರುಳಿತ್ತು. ಆ ವರ್ಷದ ನಿಯಮದಂತೆ ಅರ್ಹತಾ ಓಟದ ಕೊನೆಯ ಹಂತದಲ್ಲಿ, ಮರುದಿನ ಹೊರಡುವಾಗ ಇರಬೇಕಾದ ಪೆಟ್ರೋಲನ್ನು ತುಂಬಿಕೊಂಡೇ ಓಡಬೇಕಿತ್ತು. ಕಡಿಮೆ ತುಂಬಿದವನು ಶನಿವಾರ ಮುಂದೆ ಬರುತ್ತಾನೆ, ಭಾನುವಾರ ಬೇಗನೆ ಪೆಟ್ರೋಲಿಗೆ ನಿಲ್ಲುತ್ತಾನೆ.

ಎರಡನೆಯವನು ಹೇಳಿದ: “ದೊಡ್ಡೋರೆಲ್ಲ ಎಡವಿದ್ದಾರೆ, ಇವರು ಗೆದ್ದಿದ್ದಾರೆ.” ಅದೂ ಸುಳ್ಳಲ್ಲ. ಆ ವರ್ಷದ ಅಂಕಪಟ್ಟಿಯಲ್ಲಿ ಮೊದಲಿಗರಾಗಿದ್ದ ಜೆನ್ಸನ್ ಬಟನ್ 14ನೆಯವರಾಗಿದ್ದರು. ಹಿಂದಿನ ವರ್ಷದ ಚಾಂಪಿಯನ್ ಲೂಯಿಸ್ ಹ್ಯಾಮಿಲ್ಟನ್ 12ನೆಯವರು.

ನನ್ನ ಅಕ್ಕನ ಮಗ ಮಾತ್ರ ಒಪ್ಪಲಿಲ್ಲ. ಶನಿವಾರ ರಾತ್ರಿಯೇ ಸೈಬರ್ ಸೆಂಟರಿಗೆ ಹೋಗಿ ಕಾರುಗಳ ತೂಕದ ಪಟ್ಟಿಯನ್ನು ಬರೆದುಕೊಂಡು ಬಂದಿದ್ದ. ಅರ್ಹತಾ ಓಟ ಮುಗಿದ ಮೇಲೆ ಈ ತೂಕಗಳನ್ನು ಪ್ರಕಟಿಸುವ ಪದ್ಧತಿ ಆಗ ಇತ್ತು. “ನೋಡು, ನಾಲ್ಕನೇ ಜಾಗದ ಬ್ಯಾರಿಕೆಲೊ ಕಾರು ಇದಕ್ಕಿಂತ ಹಗುರ. ಅವನ್ಯಾಕೆ ಮುಂದೆ ಬರಲಿಲ್ಲ? ಈ ಕಾರಿಗೆ ಹೊಸ ಭಾಗ ಹಾಕಿದ್ದಾರೆ, ಗಾಳಿ ತಡೆಯೋದು ಕಮ್ಮಿ. ಸ್ಪಾದಲ್ಲಿ ಉದ್ದುದ್ದ ನೇರ ಹಾದಿ. ಹಾದಿ ಒಗ್ಗಿದೆ” ಎಂದು ವಾದಿಸಿದ.

ನಾನು ಹಿರಿಯನೆಂಬ ಗತ್ತಿನಲ್ಲಿ ತೀರ್ಪು ಕೊಟ್ಟುಬಿಟ್ಟೆ: “ಒಂದು ದಿನದ ಆಟ ನೋಡಿ ಕುಣೀಬೇಡಿ. ಸಂಜೆ ಹತ್ತರಿಂದ ಹಿಂದಕ್ಕೆ ಬೀಳ್ತಾನೆ. ಬೀಳದೇ ಹೋದರೆ ಮುಂದಿನ ಭಾನುವಾರದ ಇಡ್ಲಿ ಎಲ್ಲರದ್ದೂ ನನ್ನ ಲೆಕ್ಕ.”

ಸುಟ್ಟ ಕೈ

ನನ್ನ ತೀರ್ಪಿಗೆ ಒಂದು ಹಿನ್ನೆಲೆ ಇತ್ತು. 1998ರಲ್ಲಿ ನಾನೂ ಹೀಗೆಯೇ ಒಂದು ತೋಟದ ಗೊನೆ ನೋಡಿ ಮರುಳಾಗಿ ನಾಲ್ಕುನೂರು ಸಸಿ ತಂದು ನೆಟ್ಟಿದ್ದೆ. ಆ ತೋಟ ಇದ್ದದ್ದು ಕೆರೆಯ ಕೆಳಗೆ, ವರ್ಷವಿಡೀ ತಂಪು ಬಿಡದ ಮಣ್ಣಿನಲ್ಲಿ. ನನ್ನದು ಬೋರ್‌ವೆಲ್ ನಂಬಿದ ಕೆಂಪು ನೆಲ. ಅಲ್ಲಿ ಎಷ್ಟು ಗೊಬ್ಬರ ಬಿದ್ದಿತ್ತು, ಹಿಂದಿನ ವರ್ಷ ಎಷ್ಟು ಬಿಟ್ಟಿತ್ತು ಎಂದು ನಾನು ಕೇಳಲೇ ಇಲ್ಲ. ಅಡಿಕೆ ಬೇರೆ ಬೆಳೆಗಳಂತಲ್ಲ. ತಪ್ಪು ತಿಳಿಯಲು ಐದಾರು ವರ್ಷ ಬೇಕು. ಆರನೇ ವರ್ಷ ನನ್ನ ಮರಗಳಲ್ಲಿ ಹೊಂಬಾಳೆ ಒಡೆದಾಗ ಮರಕ್ಕೆ ಒಂದು ಗೊನೆ, ಕೆಲವಕ್ಕೆ ಅದೂ ಇಲ್ಲ. ಅಷ್ಟು ವರ್ಷದ ನೀರು, ಆಳು, ಸಾಲದ ಬಡ್ಡಿ ಎಲ್ಲ ಮಣ್ಣು ಪಾಲು. ಅಂದಿನಿಂದ ಥಟ್ಟನೆ ಮುಂದೆ ಬಂದದ್ದನ್ನು ಕಂಡರೆ ‘ಇದು ನಿಲ್ಲುವುದಿಲ್ಲ’ ಎಂದುಬಿಡುವುದು ನನಗೆ ರೂಢಿಯಾಗಿತ್ತು.

ಸಂಜೆ ಐದೂವರೆಗೆ ಟಿವಿ ಮುಂದೆ ಕುಳಿತೆವು. ಮೊದಲ ಸುತ್ತಿನಲ್ಲೇ ಬಟನ್, ಹ್ಯಾಮಿಲ್ಟನ್ ಸೇರಿ ನಾಲ್ವರ ಕಾರುಗಳು ಡಿಕ್ಕಿಯಾಗಿ ಹೊರಬಿದ್ದವು. ಹಾದಿ ತೆರವಾಗುವವರೆಗೆ ಉಳಿದವರು ನಿಧಾನವಾಗಿ ಸಾಗಿದರು. ಮತ್ತೆ ವೇಗಕ್ಕೆ ಬಿಟ್ಟೊಡನೆ ಐದನೇ ಸುತ್ತಿನಲ್ಲಿ ಫೆರಾರಿಯ ಕಿಮಿ ರೈಕೊನೆನ್ ನೇರ ಹಾದಿಯಲ್ಲಿ ಫಿಸಿಕೆಲ್ಲಾ ಅವರನ್ನು ದಾಟಿದರು. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯನ್ನು ಕೂಡಿಟ್ಟು, ಪ್ರತಿ ಸುತ್ತಿನಲ್ಲಿ ಆರೂವರೆ ಸೆಕೆಂಡಿನಷ್ಟು ಹೊತ್ತು ಸುಮಾರು 80 ಅಶ್ವಶಕ್ತಿ ಹೆಚ್ಚು ಕೊಡುವ ಸಾಧನವೊಂದು ಫೆರಾರಿಯಲ್ಲಿತ್ತು. ಇವರ ಕಾರಿನಲ್ಲಿ ಅದು ಇರಲಿಲ್ಲ.

“ನೋಡಿದ್ರಾ?” ಎಂದು ನಾನು ಬೀಗಿದೆ. ಆದರೆ ಇನ್ನು ಹಿಂದೆ ಬೀಳುತ್ತಾನೆ, ಆಗ ಬೀಳುತ್ತಾನೆ ಎಂದು ಕಾದದ್ದೇ ಬಂತು. ಉಳಿದ ಸುತ್ತುಗಳುದ್ದಕ್ಕೂ ಫಿಸಿಕೆಲ್ಲಾ ಫೆರಾರಿಯ ಬೆನ್ನು ಬಿಡಲಿಲ್ಲ. 44 ಸುತ್ತು ಮುಗಿದಾಗ ಇಬ್ಬರ ನಡುವಿನ ಅಂತರ ಒಂದು ಸೆಕೆಂಡೂ ಇರಲಿಲ್ಲ. ಎರಡನೇ ಸ್ಥಾನ, ಎಂಟು ಅಂಕ. ಮೂವತ್ತನೆಯ ಪಂದ್ಯದಲ್ಲಿ ತಂಡ ಖಾತೆ ತೆರೆಯಿತು. ನನಗೆ ನಾಲ್ಕು ತಟ್ಟೆ ಇಡ್ಲಿಯ ಬಿಲ್ಲು ಬಿತ್ತು.

ಮುಂದಿನ ಹಾದಿ

ಆದರೆ ಆ ಭಾನುವಾರದಿಂದಲೂ ವಾದ ತೀರಲಿಲ್ಲ. ಅದು ತೀರಿದ್ದು ಸೆಪ್ಟೆಂಬರ್ 13ರಂದು ಇಟಲಿಯ ಮಾಂಝಾದಲ್ಲಿ. ಅಷ್ಟರೊಳಗೆ ಫಿಸಿಕೆಲ್ಲಾ ಅವರನ್ನು ಫೆರಾರಿ ಕರೆದುಕೊಂಡಿತ್ತು. ಸ್ಪಾದ ಗೆಲುವು ಚಾಲಕನದೋ ಕಾರಿನದೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿರಲಿಲ್ಲ. ಮಾಂಝಾ ಕೂಡ ನೇರ ಹಾದಿಗಳ ಪಂದ್ಯ. ಅದೇ ಫೋರ್ಸ್ ಇಂಡಿಯಾ ಕಾರಿನಲ್ಲಿ ಅರ್ಹತಾ ಓಟದಲ್ಲಿ ಅಡ್ರಿಯಾನ್ ಸುಟಿಲ್ ಎರಡನೆಯವರಾದರು, ಹೊಸದಾಗಿ ಬಂದ ಲಿಯುಜ್ಜಿ ಏಳನೆಯವರು. ಪಂದ್ಯದಲ್ಲಿ ಸುಟಿಲ್ ನಾಲ್ಕನೆಯವರಾಗಿ ಐದು ಅಂಕ ತಂದರು. ಫೆರಾರಿ ಏರಿದ ಫಿಸಿಕೆಲ್ಲಾ ಒಂಬತ್ತನೆಯವರಾದರು. ಆ ವರ್ಷ ಫೆರಾರಿಯಲ್ಲಿ ಅವರಿಗೆ ಒಂದಂಕವೂ ದಕ್ಕಲಿಲ್ಲ.

ಅಂದರೆ ಶನಿವಾರದ ಆ ಸುತ್ತು ಮೋಸವಲ್ಲ, ಬರೀ ಅದೃಷ್ಟವೂ ಅಲ್ಲ. ಕಾರು ನಿಜಕ್ಕೂ ಚೆನ್ನಾಗಿತ್ತು, ಆದರೆ ಒಂದು ಬಗೆಯ ಹಾದಿಗೆ ಮಾತ್ರ. ಆ ವರ್ಷದ ಹದಿನೇಳು ಪಂದ್ಯಗಳಲ್ಲಿ ತಂಡ ಗಳಿಸಿದ್ದು ಒಟ್ಟು 13 ಅಂಕ. ಎಂಟು ಸ್ಪಾದ್ದು, ಐದು ಮಾಂಝಾದ್ದು. ಉಳಿದ ಹದಿನೈದರಲ್ಲಿ ಸೊನ್ನೆ. ನಾನೂ ಸೋತೆ, ‘ಇನ್ನು ಮೇಲೆ ನಮ್ಮದೇ ರಾಜ್ಯ’ ಎಂದ ಹುಡುಗರೂ ಸೋತರು. ಗೆದ್ದದ್ದು ಲೆಕ್ಕ ಬರೆದುಕೊಂಡು ಬಂದ ಅಕ್ಕನ ಮಗನ ಚೀಟಿ.

ಇಂಥ ಇನ್ನೆರಡು ಪ್ರಸಂಗಗಳನ್ನು ಅವನೇ ಹೇಳಿದ. 1990ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಮಿನಾರ್ಡಿ ಎಂಬ ಬಡ ತಂಡದ ಪಿಯರ್‌ಲೂಯಿಜಿ ಮಾರ್ಟಿನಿ ಎರಡನೇ ಸ್ಥಾನದಿಂದ ಹೊರಟರು. ಆಗ ಎರಡು ದಿನ ಅರ್ಹತಾ ಓಟ. ಮೊದಲ ದಿನ ಪಿರೆಲಿ ಟೈರಿನ ಕಾರುಗಳು ಚೆನ್ನಾಗಿ ಓಡಿದವು. ಎರಡನೇ ದಿನ ಮಳೆ ಬಂದು ಉಳಿದವರಿಗೆ ಸುಧಾರಿಸಿಕೊಳ್ಳಲು ಅವಕಾಶವಾಗಲಿಲ್ಲ. ಪಂದ್ಯದಲ್ಲಿ ಮಾರ್ಟಿನಿ ಏಳನೆಯವರಾದರು, ಐದನೇ ಸ್ಥಾನದಿಂದ ಹೊರಟ ಸೆನ್ನಾ ಗೆದ್ದರು. ಮುಂದೆ ಅದೇ ಮಿನಾರ್ಡಿ ತಂಡ ಕೈ ಬದಲಾಗಿ ಟೊರೊ ರೊಸ್ಸೊ ಎಂದಾಯಿತು. 2008ರಲ್ಲಿ ಮಾಂಝಾದಲ್ಲಿ ಅದರ 21 ವರ್ಷದ ಸೆಬಾಸ್ಟಿಯನ್ ವೆಟ್ಟೆಲ್ ಮಳೆಯಲ್ಲಿ ಮೊದಲ ಸ್ಥಾನ ಹಿಡಿದರು, ಮರುದಿನದ ಪಂದ್ಯವನ್ನೂ ಗೆದ್ದರು. ಏಕೆಂದರೆ ಮರುದಿನವೂ ಮಳೆಯೇ ಇತ್ತು. ಮೊದಲ ಪ್ರಸಂಗದಲ್ಲಿ ಅನುಕೂಲವಾದ ಸನ್ನಿವೇಶ ಪಂದ್ಯದ ಹೊತ್ತಿಗೆ ಇರಲಿಲ್ಲ, ಎರಡನೆಯದರಲ್ಲಿ ಇತ್ತು.

ನಮ್ಮ ತೋಟದಲ್ಲಿ

ಕಾಫಿ ಬೆಳೆಗಾರರಿಗೆ ಇದು ಹೊಸ ಪಾಠವಲ್ಲ. ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ 1985ರಲ್ಲಿ ಕಾವೇರಿ ತಳಿಯನ್ನು ಬಿಡುಗಡೆ ಮಾಡಿದಾಗ ಅದರ ಮೊದಮೊದಲ ಫಸಲು ಕಂಡು ಬೆರಗಾಗದವರಿಲ್ಲ. ಗಿಡ ಗಿಡ್ಡ, ಒತ್ತಾಗಿ ನೆಡಬಹುದು, ಬೇಗ ಫಸಲು, ಎಲೆ ತುಕ್ಕು ರೋಗದ ಕಾಟವೂ ಇಲ್ಲ. ಕಾಲಕ್ರಮದಲ್ಲಿ ತುಕ್ಕು ರೋಗ ಅದಕ್ಕೂ ಹತ್ತಿತು. 1940ರ ದಶಕದಲ್ಲಿ ಬಂದ ಎಸ್. 795 ಅಷ್ಟು ಅಬ್ಬರ ಮಾಡದೆಯೂ ಇಂದಿಗೂ ಅನೇಕ ತೋಟಗಳಲ್ಲಿ ನಿಂತಿದೆ. ಕಾವೇರಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮೊದಲ ಸುತ್ತು ನೋಡಿ ಇಡೀ ತೋಟವನ್ನು ಅದಕ್ಕೇ ಒಪ್ಪಿಸಿದವರು ಕಷ್ಟಪಟ್ಟರು ಎಂಬುದಷ್ಟೇ ಮಾತು.

ಅಡಿಕೆಯಲ್ಲೂ ತಾಯಿಮರ ಆರಿಸುವಾಗ ತಜ್ಞರು ಹೇಳುವುದು ಇದನ್ನೇ: ಒಂದು ವರ್ಷದ ಗೊನೆ ನೋಡಬೇಡಿ, ಹಲವು ವರ್ಷ ಏಕಪ್ರಕಾರವಾಗಿ ಬಿಟ್ಟ ಮರ ನೋಡಿ. ಆದುದರಿಂದ ಸಸಿಗೆ ಮುಂಗಡ ಕೊಡುವ ಮುನ್ನ ಕ್ಯಾತ್ಸಂದ್ರದ ಹುಡುಗರ ಪ್ರಶ್ನೆಗಳನ್ನೇ ಕೇಳಬೇಕೆಂದು ಸದಸ್ಯರಲ್ಲಿ ನನ್ನ ವಿನಂತಿ. ಪೆಟ್ರೋಲು ಎಷ್ಟಿತ್ತು? ಅಂದರೆ ಆ ತೋಟಕ್ಕೆ ಎಷ್ಟು ನೀರು, ಎಷ್ಟು ಗೊಬ್ಬರ. ಹಾದಿ ಎಂಥದು? ಅಂದರೆ ಅಲ್ಲಿಯ ಮಣ್ಣು, ನೆರಳು, ಬಸಿಗಾಲುವೆ ನಮ್ಮದಕ್ಕೆ ಹೊಂದುತ್ತದೆಯೇ. ಉಳಿದವರಿಗೆ ಏನಾಗಿತ್ತು? ಸುತ್ತಲ ತೋಟಗಳಲ್ಲಿ ಕೊಳೆ ಬಂದು ಕಾಯಿ ಉದುರಿದ್ದರಿಂದ ಇದೊಂದೇ ಎದ್ದು ಕಂಡಿತೇ. ಕೊನೆಯದಾಗಿ, ಮುಂದಿನ ಪಂದ್ಯದಲ್ಲಿ ಏನಾಯಿತು? ಅಂದರೆ ಹಿಂದುಮುಂದಿನ ವರ್ಷಗಳ ಫಸಲು. ಬಾಯಿಮಾತು ಬೇಡ, ಚೇಣಿಗೆ ಕೊಟ್ಟಿದ್ದರೆ ಚೇಣಿ ಲೆಕ್ಕ ಕೇಳಿ.

ಫೋರ್ಸ್ ಇಂಡಿಯಾ ಮುಂದೇನಾಯಿತು ಎಂದು ಕೇಳುವವರಿಗೆ ಎರಡು ಮಾತು. ಕಾರು ಸುಧಾರಿಸುತ್ತಾ ಹೋಗಿ 2016 ಮತ್ತು 2017ರಲ್ಲಿ ತಂಡ ನಾಲ್ಕನೇ ಸ್ಥಾನಕ್ಕೆ ಏರಿತು. 2018ರ ಜುಲೈಯಲ್ಲಿ ಬಾಕಿ ತೀರಿಸಲಾಗದೆ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಗಳ ಕೈಗೆ ಹೋಗಿ ಮಾರಾಟವಾಯಿತು. 2021ರಿಂದ ಆಸ್ಟನ್ ಮಾರ್ಟಿನ್ ಹೆಸರಿನಲ್ಲಿ ಓಡುತ್ತಿದೆ. ಫಸಲು ಚೆನ್ನಾಗಿದ್ದರೂ ಸಾಲದ ಲೆಕ್ಕ ತಪ್ಪಿದರೆ ತೋಟ ಕೈಬಿಡುತ್ತದೆ ಎಂಬುದನ್ನು ಸಹಕಾರ ಸಂಘದ ಕಾರ್ಯದರ್ಶಿಯಾದವನು ಹೇಳದೆ ಇರಲಾರ.

ಅಕ್ಕನ ಮಗನೊಡನೆ ಆ ತೋಟಕ್ಕೆ ಹೋಗಿ ಬಂದೆ. ಯಜಮಾನರು ಒಳ್ಳೆಯವರು, ಮುಚ್ಚುಮರೆ ಮಾಡದೆ ಮೂರು ವರ್ಷದ ಲೆಕ್ಕ ತೆಗೆದು ತೋರಿಸಿದರು. ಒಂದು ವರ್ಷ ತೀರ ಕಡಿಮೆ, ಒಂದು ವರ್ಷ ಸಾಧಾರಣ, ಈ ವರ್ಷ ಭರ್ತಿ. ಇಡೀ ತೋಟ ಹಾಗಿದ್ದರೂ ಬಾವಿಯಿಂದ ದೂರದ ಸಾಲಿನ ಇಪ್ಪತ್ತು ಮರಗಳು ಮೂರೂ ವರ್ಷ ಹೆಚ್ಚುಕಡಿಮೆ ಒಂದೇ ಸಮನೆ ಬಿಟ್ಟಿವೆಯೆಂದು ಅವರೇ ಕರೆದೊಯ್ದು ತೋರಿಸಿದರು. ನಾನು ಏನಾದರೂ ಹೇಳುವ ಮೊದಲೇ ಅಕ್ಕನ ಮಗ ಜೇಬಿನಿಂದ ಚೀಟಿ ತೆಗೆದು ಆ ಮರಗಳ ಗುರುತು ಬರೆದುಕೊಂಡ. ಎಂಟುನೂರರ ಮಾತು ಬಿಟ್ಟು, ಆ ಮರಗಳ ಬಿತ್ತನೆ ಅಡಿಕೆಯಿಂದ ನೂರು ಸಸಿ ಮಾಡಿಸಿಕೊಡುವಂತೆ ಕೇಳಿದ. ಉಳಿದದ್ದಕ್ಕೆ ಇನ್ನೆರಡು ಫಸಲು ನೋಡುವುದೆಂದು ತೀರ್ಮಾನವಾಯಿತು.

ಹಿಂದಿರುಗುವಾಗ ಕ್ಯಾತ್ಸಂದ್ರದಲ್ಲಿ ಗಾಡಿ ನಿಲ್ಲಿಸಿದ. “ಈ ಸಲ ಬಿಲ್ಲು ನಂದು ಮಾವ” ಎಂದ. ನಾನು ಬೇಡವೆನ್ನಲಿಲ್ಲ.