ರೋಮ್ ನಗರದಲ್ಲಿ ಕಲಾಭ್ಯಾಸ

ಇಟಲಿಯ ರಾಜಧಾನಿಯಾದ ರೋಮ್, ಹದಿನೈದನೆಯ ಶತಮಾನದ ಕೊನೆಯಿಂದ ಯುರೋಪಿನ ಚಿತ್ರಕಾರರು, ಶಿಲ್ಪಿಗಳು ಹಾಗೂ ವಾಸ್ತುಶಿಲ್ಪಿಗಳು ವಿದ್ಯಾರ್ಥಿಗಳಾಗಿ ಬಂದು ನೆಲೆಸುತ್ತಿದ್ದ ನಗರ. ಗುರುವಿನ ಕಾರ್ಯಾಗಾರದಲ್ಲಿ ಕೈ ಪಳಗಿಸಿಕೊಳ್ಳುವುದರ ಜೊತೆಗೆ ಪ್ರಾಚೀನ ಕಟ್ಟಡಗಳನ್ನು ಅಳೆಯುವುದು, ನೆಲದಿಂದ ಹೊರಬಂದ ಶಿಲ್ಪಗಳನ್ನು ನೋಡಿ ಚಿತ್ರಿಸುವುದು ಇಲ್ಲಿನ ಶಿಕ್ಷಣದ ಮುಖ್ಯ ಭಾಗವಾಗಿತ್ತು. ಆದ್ದರಿಂದ ರೋಮಿನ ಕಲಾಭ್ಯಾಸದ ಚರಿತ್ರೆಯನ್ನು ಪುರಾತತ್ತ್ವ ಶಾಸ್ತ್ರದ ಆರಂಭದ ಚರಿತ್ರೆಯಿಂದ ಬೇರ್ಪಡಿಸುವುದು ಕಷ್ಟ.

ನೆಲದಡಿಯ ಅರಮನೆ

ಕ್ರಿ.ಶ. 64ರ ಮಹಾ ಅಗ್ನಿದುರಂತದ ನಂತರ ಚಕ್ರವರ್ತಿ ನೀರೋ 'ಡೋಮುಸ್ ಔರಿಯಾ' (ಸ್ವರ್ಣಗೃಹ) ಎಂಬ ಅರಮನೆಯನ್ನು ಕಟ್ಟಿಸಿದನು. ಮುಂದೆ ಅದರ ಕೋಣೆಗಳಿಗೆ ಮಣ್ಣು ತುಂಬಿಸಿ, ಮೇಲೆ ಟ್ರೇಜನನ ಸ್ನಾನಗೃಹಗಳನ್ನು ನಿರ್ಮಿಸಲಾಯಿತು. ಸುಮಾರು 1480ರಲ್ಲಿ ಈ ಕೋಣೆಗಳು ಮತ್ತೆ ಪತ್ತೆಯಾದಾಗ ಕಲಾವಿದರು ಛಾವಣಿಯ ರಂಧ್ರಗಳ ಮೂಲಕ ಇಳಿದು, ದೀಪದ ಬೆಳಕಿನಲ್ಲಿ ಅಲ್ಲಿಯ ವರ್ಣಚಿತ್ರಗಳನ್ನು ನಕಲು ಮಾಡಿಕೊಂಡರು. ಕೆಲವರು ಗೋಡೆಯ ಮೇಲೆ ತಮ್ಮ ಹೆಸರನ್ನೂ ಕೆತ್ತಿದರು; ಇಂದು ಅಪರಾಧವೆನಿಸುವ ಆ ಗೀಚುಗಳೇ ಯಾರು ಯಾರು ಅಲ್ಲಿಗೆ ಇಳಿದಿದ್ದರೆಂಬುದಕ್ಕೆ ಸಾಕ್ಷಿಯಾಗಿವೆ. ಆ ಕೋಣೆಗಳು ಗುಹೆಗಳಂತೆ ತೋರಿದ್ದರಿಂದ, ಗುಹೆ ಎಂಬರ್ಥದ 'ಗ್ರೊತ್ತಾ' ಪದದಿಂದ ಆ ಅಲಂಕರಣ ಶೈಲಿಗೆ 'ಗ್ರೊಟೆಸ್ಕ್' ಎಂಬ ಹೆಸರು ಬಂದಿತು. ರಾಫೆಲ್ ಮತ್ತು ಅವನ ಸಹಾಯಕ ಜೊವಾನ್ನಿ ದಾ ಉದಿನೆ ಈ ಶೈಲಿಯನ್ನು ವ್ಯಾಟಿಕನ್ನಿನ ಮೊಗಸಾಲೆಗಳಲ್ಲಿ ಬಳಸಿದರು.

ಲಾವೊಕೂನ್ ಶಿಲ್ಪ

ಜನವರಿ 1506ರಲ್ಲಿ ದ್ರಾಕ್ಷಿತೋಟವೊಂದರಲ್ಲಿ, ಹಾವುಗಳ ಹಿಡಿತಕ್ಕೆ ಸಿಲುಕಿದ ಟ್ರಾಯ್ ನಗರದ ಪುರೋಹಿತ ಲಾವೊಕೂನ್ ಹಾಗೂ ಅವನ ಇಬ್ಬರು ಮಕ್ಕಳ ಅಮೃತಶಿಲೆಯ ಶಿಲ್ಪ ದೊರೆಯಿತು. ಅದನ್ನು ಪರಿಶೀಲಿಸಲು ಹೋದವರಲ್ಲಿ ಮೈಕೆಲೆಂಜೆಲೊ ಸಹ ಇದ್ದನು. ಪುರೋಹಿತನ ಬಲಗೈ ಮುರಿದುಹೋಗಿತ್ತು. ಮೇಲಕ್ಕೆ ಚಾಚಿದ ಕೈಯೊಂದನ್ನು ಹೊಸದಾಗಿ ಜೋಡಿಸಲಾಯಿತು; ತಲೆಮಾರುಗಳ ವಿದ್ಯಾರ್ಥಿಗಳು ಅದನ್ನೇ ನೋಡಿ ಅಭ್ಯಾಸ ಮಾಡಿದರು. 1906ರಲ್ಲಿ ಪುರಾತತ್ತ್ವಜ್ಞ ಲುಡ್ವಿಗ್ ಪೊಲ್ಲಾಕ್ ಗುರುತಿಸಿದ ಮೂಲ ಕೈ, ತಲೆಯ ಹಿಂದಕ್ಕೆ ಮಡಿಚಿಕೊಂಡಿತ್ತು. 1950ರ ದಶಕದ ಕೊನೆಯಲ್ಲಿ ಅದನ್ನು ಶಿಲ್ಪಕ್ಕೆ ಜೋಡಿಸಲಾಯಿತು. ಚಾಚಿದ ಕೈ ವೀರನ ಪ್ರತಿಭಟನೆಯಂತೆ ಕಂಡರೆ, ಮಡಿಚಿದ ಕೈಯಲ್ಲಿ ಸೋಲುತ್ತಿರುವ ಮನುಷ್ಯನ ನೋವು ಹೆಚ್ಚು ಸ್ಪಷ್ಟವಾಗಿದೆ.

ಅಕಾಡೆಮಿಗಳು

ಚಿತ್ರಕಾರ ಫೆದೆರಿಕೊ ಜುಕ್ಕಾರಿಯ ನೇತೃತ್ವದಲ್ಲಿ 1593ರಲ್ಲಿ ಸಂತ ಲೂಕನ ಅಕಾಡೆಮಿ ಆರಂಭವಾಯಿತು. 1666ರಲ್ಲಿ ಹದಿನಾಲ್ಕನೆಯ ಲೂಯಿಯ ಆಳ್ವಿಕೆಯಲ್ಲಿ ಸ್ಥಾಪನೆಯಾದ ಫ್ರೆಂಚ್ ಅಕಾಡೆಮಿ 1803ರಿಂದ ವಿಲ್ಲಾ ಮೆಡಿಚಿ ಭವನದಲ್ಲಿದೆ. 'ರೋಮ್ ಪಾರಿತೋಷಕ' ಸ್ಪರ್ಧೆಯಲ್ಲಿ ಗೆದ್ದವರು ಸರ್ಕಾರದ ವೆಚ್ಚದಲ್ಲಿ ಇಲ್ಲಿ ಕಲಿಯುತ್ತಿದ್ದರು. ಡೇವಿಡ್ ಮತ್ತು ಆಂಗ್ರ್ ಇಂಥ ವಿದ್ಯಾರ್ಥಿಗಳೇ. ಮಹಿಳೆಯರಿಗೆ ಮಾತ್ರ ಈ ಸ್ಪರ್ಧೆ 1903ರವರೆಗೆ ಮುಚ್ಚಿತ್ತು. ಲುಸಿಯೆನ್ ಹೆವೆಲ್ಮನ್ಸ್ 1911ರಲ್ಲಿ ಶಿಲ್ಪಕಲೆಯ ಪ್ರಥಮ ಬಹುಮಾನ ಪಡೆದರು. ಪಾರಿತೋಷಕ ಸ್ಪರ್ಧೆ 1968ರಲ್ಲಿ ನಿಂತಿತು, ಅಕಾಡೆಮಿ ಮುಂದುವರಿದಿದೆ.

ಕಲಾಕೃತಿಗಳ ಸಾಗಾಟ ಮತ್ತು ರಕ್ಷಣೆ

1797ರ ತೊಲೆಂತಿನೊ ಒಪ್ಪಂದದ ನಂತರ ಲಾವೊಕೂನ್ ಸೇರಿದಂತೆ ಅನೇಕ ಕೃತಿಗಳನ್ನು ನೆಪೋಲಿಯನ್ನನ ಸೇನೆ ಪ್ಯಾರಿಸಿಗೆ ಸಾಗಿಸಿತು. ಇದಕ್ಕೂ ಮುನ್ನ, 1796ರಲ್ಲೇ, ಫ್ರೆಂಚ್ ವಿದ್ವಾಂಸ ಕ್ವಾತ್ರ್‌ಮೇರ್ ದ ಕ್ವಿನ್ಸಿ ಇಂಥ ಸಾಗಾಟವನ್ನು ವಿರೋಧಿಸಿ ಬರೆದಿದ್ದನು. ಶಿಲ್ಪಗಳಷ್ಟೇ ಅಲ್ಲದೆ ಬೆಟ್ಟಗಳು, ಕಲ್ಲುಗಣಿಗಳು, ಹಳೆಯ ರಸ್ತೆಗಳು ಎಲ್ಲವೂ ಸೇರಿ ರೋಮ್ ಒಂದು ವಸ್ತುಸಂಗ್ರಹಾಲಯ; ಅದರ ಅಂಗಗಳನ್ನು ಕಿತ್ತರೆ ಕಲಿಯುವವನಿಗೆ ನಷ್ಟ ಎಂಬುದು ಅವನ ವಾದದ ಸಾರ. ತನ್ನ ದೇಶದ ಸೇನೆ ಗೆಲ್ಲುತ್ತಿದ್ದಾಗ ಹೀಗೆ ಬರೆಯಲು ಧೈರ್ಯ ಬೇಕಿತ್ತು. ನೆಪೋಲಿಯನ್ನನ ಪತನದ ನಂತರ ಪೋಪರ ಪ್ರತಿನಿಧಿಯಾಗಿ ಪ್ಯಾರಿಸಿಗೆ ಹೋದ ಶಿಲ್ಪಿ ಕಾನೋವಾ ಹಲವು ಕೃತಿಗಳನ್ನು ಮರಳಿ ತಂದನು. 1820ರಲ್ಲಿ ಕಾರ್ಡಿನಲ್ ಪಾಕ್ಕಾನ ಶಾಸನ ಉತ್ಖನನ ಮತ್ತು ರಫ್ತನ್ನು ನಿಯಂತ್ರಿಸಿತು. 1939ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಂರಕ್ಷಣಾ ಸಂಸ್ಥೆಯಲ್ಲಿ ಇಂದು ವಿದ್ಯಾರ್ಥಿಗಳು ಹಳೆಯ ಕೃತಿಗಳನ್ನು ದುರಸ್ತಿ ಮಾಡುವ ವಿಧಾನಗಳನ್ನು ಕಲಿಯುತ್ತಾರೆ.