ಥಾಮಸ್ ಮಾನ್ ಕಾದಂಬರಿಗೆ ಸ್ವರ ಕೊಟ್ಟವರು

ಜರ್ಮನಿಯ ಕಾದಂಬರಿಕಾರ ಥಾಮಸ್ ಮಾನ್ ಸ್ವದೇಶವನ್ನು ಕಳೆದುಕೊಂಡದ್ದು ಸಂಗೀತದ ಕುರಿತ ಒಂದು ಉಪನ್ಯಾಸದ ಬೆನ್ನಲ್ಲೇ. 1933ರ ಫೆಬ್ರುವರಿ 10ರಂದು ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಅವರು ರಿಚರ್ಡ್ ವಾಗ್ನರ್ ಬಗ್ಗೆ ಮಾತನಾಡಿದರು. ಹಿಟ್ಲರ್ ಅಧಿಕಾರಕ್ಕೇರಿ ಆಗಿನ್ನೂ ಎರಡು ವಾರ ಕಳೆದಿರಲಿಲ್ಲ. ಮರುದಿನ ಅದೇ ಉಪನ್ಯಾಸ ನೀಡಲು ಹೊರದೇಶಗಳಿಗೆ ಹೊರಟ ಮಾನ್, ಮ್ಯೂನಿಕ್ಕಿನ ತಮ್ಮ ಮನೆಗೆ ವಾಸಕ್ಕೆಂದು ಮತ್ತೆ ಮರಳಲೇ ಇಲ್ಲ. ಏಪ್ರಿಲ್ ತಿಂಗಳಲ್ಲಿ ನಗರದ ಗಣ್ಯರು ವಾಗ್ನರ್‌ಗೆ ಅವಮಾನವಾಯಿತೆಂದು ಬಹಿರಂಗ ಪ್ರತಿಭಟನಾ ಪತ್ರ ಹೊರಡಿಸಿದರು. ರಿಚರ್ಡ್ ಸ್ಟ್ರಾಸ್, ಹಾನ್ಸ್ ಫಿಟ್ಸ್‌ನರ್ ಅವರಂತಹ ಹೆಸರಾಂತ ಸಂಗೀತ ರಚನಕಾರರ ಸಹಿಯೂ ಅದರಲ್ಲಿತ್ತು. ವಾಗ್ನರ್‌ನನ್ನು ಪ್ರೀತಿಸುತ್ತಲೇ ಪ್ರಶ್ನಿಸಿದ್ದು ಮಾನ್ ಅವರ ಅಪರಾಧವಾಗಿತ್ತು.

ಈ ಪ್ರೀತಿ ಹಳೆಯದು. 1901ರಲ್ಲಿ ಪ್ರಕಟವಾದ ‘ಬುಡನ್‌ಬ್ರೂಕ್ಸ್’ ಕಾದಂಬರಿಯಲ್ಲೇ ಅದರ ಗುರುತುಗಳಿವೆ. ವಾಗ್ನರ್ ತನ್ನ ಸಂಗೀತ ನಾಟಕಗಳಲ್ಲಿ ಒಂದೊಂದು ಪಾತ್ರಕ್ಕೆ, ಒಂದೊಂದು ಭಾವಕ್ಕೆ ಪುಟ್ಟ ಸ್ವರಗುಚ್ಛವೊಂದನ್ನು ಕಟ್ಟಿಕೊಡುತ್ತಾನೆ. ಅದು ಮರಳಿ ಕೇಳಿದಾಗಲೆಲ್ಲ ಹಳೆಯ ಸಂದರ್ಭ ಹೊಸ ಅರ್ಥದೊಡನೆ ಎದುರು ನಿಲ್ಲುತ್ತದೆ. ಮಾನ್ ಇದನ್ನು ಗದ್ಯಕ್ಕೆ ತಂದರು. ಒಂದು ಮಾತಿನ ವರಸೆ, ಕಣ್ಣ ಕೆಳಗಿನ ನೀಲಿ ನೆರಳು, ಹಲ್ಲಿನ ಬಣ್ಣ ಇಂತಹ ಸಣ್ಣ ವಿವರಗಳು ಅವರಲ್ಲಿ ನೂರಾರು ಪುಟಗಳ ನಂತರ ಪಲ್ಲವಿಯಂತೆ ಮರುಕಳಿಸುತ್ತವೆ. ಕಾದಂಬರಿಗೆ 1929ರ ನೊಬೆಲ್ ಪ್ರಶಸ್ತಿ ದೊರಕಿಸಿದ ಕಾರಣಗಳಲ್ಲಿ ಈ ಕಟ್ಟಡವೂ ಒಂದೆನ್ನಬಹುದು.

ಆದರೆ ಸಂಗೀತದಿಂದ ಕಟ್ಟುವ ವಿಧಾನವನ್ನು ಕಲಿಯುವುದು ಬೇರೆ, ಸಂಗೀತವನ್ನೇ ಬರೆಯುವುದು ಬೇರೆ. ಎರಡನೆಯ ಕಷ್ಟ ಮಾನ್ ಅವರಿಗೆ ಎದುರಾದದ್ದು ಅಮೆರಿಕದಲ್ಲಿ, ಅವರ 68ನೆಯ ವಯಸ್ಸಿನ ಹೊತ್ತಿಗೆ. 1943ರ ಮೇ 23ರಂದು ಲಾಸ್ ಏಂಜಲೀಸ್ ಬಳಿಯ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಅವರು ‘ಡಾಕ್ಟರ್ ಫೌಸ್ಟಸ್’ ಬರೆಯತೊಡಗಿದರು. ಕಾದಂಬರಿಯ ನಿರೂಪಕ ಸೆರೀನಸ್ ಟ್ಸೈಟ್‌ಬ್ಲೋಮ್ ಕೂಡ ಅದೇ ದಿನ ಲೇಖನಿ ಹಿಡಿಯುತ್ತಾನೆ. ಅವನು ಬರೆಯುವುದು ಗೆಳೆಯ ಆಡ್ರಿಯನ್ ಲೆವರ್‌ಕ್ಯೂನ್ ಎಂಬ ಸಂಗೀತ ರಚನಕಾರನ ಜೀವನಚರಿತ್ರೆಯನ್ನು. ಇಪ್ಪತ್ತನಾಲ್ಕು ವರ್ಷಗಳ ಸೃಷ್ಟಿಶಕ್ತಿಗಾಗಿ ಲೆವರ್‌ಕ್ಯೂನ್ ಸೈತಾನನೊಂದಿಗೆ ಒಪ್ಪಂದ ಮಾಡಿಕೊಂಡಿದ್ದಾನೆ. ಯಾರನ್ನೂ ಪ್ರೀತಿಸಬಾರದೆಂಬುದು ಅದರ ಷರತ್ತು. ಅತ್ತ ನಿರೂಪಕ ಈ ಕಥೆ ಹೇಳುತ್ತಿರುವಾಗಲೇ ಜರ್ಮನಿಯ ನಗರಗಳ ಮೇಲೆ ಬಾಂಬುಗಳು ಬೀಳುತ್ತಿವೆ. ಒಬ್ಬ ಕಲಾವಿದನ ಪತನದಲ್ಲಿ ಒಂದು ದೇಶದ ಪತನವನ್ನು ಓದುಗ ಕಾಣಬೇಕು.

ಇಂತಹ ಕಥೆಯಲ್ಲಿ ನಾಯಕನ ಸಂಗೀತವನ್ನು ‘ಅದ್ಭುತ’, ‘ಅಪೂರ್ವ’ ಎಂದು ಹೊಗಳಿ ಮುಂದೆ ಸಾಗಲು ಬರುವುದಿಲ್ಲ. ಸೈತಾನನಿಂದ ಕೊಂಡದ್ದು ಏನೆಂದು ಓದುಗನಿಗೆ ತಿಳಿಯದಿದ್ದರೆ ಒಪ್ಪಂದವೇ ಹುಸಿಯಾಗುತ್ತದೆ. ಎಸ್.ಎಲ್. ಭೈರಪ್ಪನವರ ‘ಮಂದ್ರ’ ಓದಿದವರಿಗೆ ಈ ತೊಡಕಿನ ಇನ್ನೊಂದು ಮುಖ ಗೊತ್ತು. ಅಲ್ಲಿನ ಗಾಯಕ ಮೋಹನಲಾಲ ಹಾಡುವುದು ಹಿಂದೂಸ್ತಾನಿ ಸಂಗೀತವನ್ನು; ರಾಗದ ಹೆಸರು ಬಂದೊಡನೆ ಓದುಗನ ಕಿವಿಯೇ ಅರ್ಧ ಕೆಲಸ ಮಾಡುತ್ತದೆ. ಮಾನ್ ಅವರಿಗೆ ಆ ಅನುಕೂಲವಿರಲಿಲ್ಲ. ಲೋಕದಲ್ಲಿ ಯಾರೂ ಕೇಳಿರದ ಕೃತಿಗಳನ್ನು ಅವರು ಮಾತಿನಲ್ಲೇ ನುಡಿಸಬೇಕಿತ್ತು.

ಆಗ ನೆರವಿಗೆ ಬಂದವರು ನೆರೆಯಲ್ಲೇ ವಾಸವಿದ್ದ ಇನ್ನೊಬ್ಬ ದೇಶಭ್ರಷ್ಟ, ತತ್ತ್ವಜ್ಞಾನಿ ಥಿಯೊಡೋರ್ ವೀಸನ್‌ಗ್ರುಂಡ್ ಆಡೋರ್ನೊ. ಅಲ್ಬನ್ ಬೆರ್ಗ್ ಅವರಲ್ಲಿ ಸಂಗೀತ ರಚನೆ ಕಲಿತಿದ್ದ ಆಡೋರ್ನೊ, ಆಧುನಿಕ ಸಂಗೀತದ ಕುರಿತ ತಮ್ಮ ಹಸ್ತಪ್ರತಿಯನ್ನು ಮಾನ್ ಅವರಿಗೆ ಓದಲು ಕೊಟ್ಟರು. 1943ರ ಶರತ್ಕಾಲದ ಒಂದು ಸಂಜೆ ಬೀಥೋವನ್‌ನ ಕೊನೆಯ ಪಿಯಾನೋ ಸೊನಾಟಾವನ್ನು, ಅಂದರೆ 111ನೆಯ ಸಂಖ್ಯೆಯ ಕೃತಿಯನ್ನು ನುಡಿಸಿ ತೋರಿಸಿದರು. ಕಾದಂಬರಿಯ ಎಂಟನೆಯ ಅಧ್ಯಾಯದಲ್ಲಿ ಕ್ರೆಟ್ಶ್‌ಮಾರ್ ಎಂಬ ತೊದಲು ಮಾತಿನ ಸಂಗೀತ ಶಿಕ್ಷಕ, ಬೀಥೋವನ್ ಈ ಸೊನಾಟಾಕ್ಕೆ ಮೂರನೆಯ ಭಾಗವನ್ನೇಕೆ ಬರೆಯಲಿಲ್ಲ ಎಂದು ಬೆರಳೆಣಿಕೆಯ ಜನರ ಮುಂದೆ ಉಪನ್ಯಾಸ ಮಾಡುತ್ತಾನೆ. ಸೊನಾಟಾದ ಮೂರು ಸ್ವರಗಳ ಎಳೆಯನ್ನು ಕಿವಿಗೆ ಹಿಡಿಸಲು ಅವನು ಅದಕ್ಕೆ ಬೇರೆ ಬೇರೆ ಪದಗಳನ್ನು ಹೊಂದಿಸುತ್ತಾನೆ. ಅವುಗಳಲ್ಲಿ ‘ವೀಸನ್‌ಗ್ರುಂಡ್’ ಒಂದು. ಜರ್ಮನ್ ಭಾಷೆಯಲ್ಲಿ ಹುಲ್ಲುಗಾವಲಿನ ನೆಲ ಎಂಬರ್ಥದ ಈ ಪದ ಆಡೋರ್ನೊ ಅವರ ತಂದೆಯ ಮನೆತನದ ಹೆಸರು. ಸದ್ದಿಲ್ಲದೆ ಸಲ್ಲಿಸಿದ ಕೃತಜ್ಞತೆಯಿದು.

1945ರ ಕೊನೆಯಲ್ಲಿ ಮಾನ್ ಅವರು ಆಡೋರ್ನೊಗೆ ಪತ್ರ ಬರೆದು, ಲೆವರ್‌ಕ್ಯೂನ್‌ನ ಸಂಗೀತವನ್ನು ತಮ್ಮೊಂದಿಗೆ ಕುಳಿತು ಕಲ್ಪಿಸಿಕೊಳ್ಳುವಂತೆ ಕೋರಿದರು. ಮುಂದಿನ ವರ್ಷ ಶ್ವಾಸಕೋಶದ ಶಸ್ತ್ರಚಿಕಿತ್ಸೆಯಿಂದ ಬರವಣಿಗೆ ಕೆಲಕಾಲ ನಿಂತರೂ ಈ ಸಹಯೋಗ ನಿಲ್ಲಲಿಲ್ಲ. ಲೆವರ್‌ಕ್ಯೂನ್ ತಾನು ಪ್ರೀತಿಸಿದ ಪುಟ್ಟ ಬಾಲಕ ಕಣ್ಮುಂದೆಯೇ ಸತ್ತ ಬಳಿಕ, ಬೀಥೋವನ್‌ನ ಒಂಬತ್ತನೆಯ ಸಿಂಫನಿಯನ್ನು ‘ಹಿಂತೆಗೆದುಕೊಳ್ಳುವ’ ಹಟದಿಂದ ತನ್ನ ಕೊನೆಯ ಕೃತಿಯನ್ನು ರಚಿಸುತ್ತಾನೆ. ಆನಂದದ ಹಾಡಿಗೆ ಉತ್ತರವಾಗಿ ಪ್ರಲಾಪ. ಅದರ ಅಂತ್ಯವನ್ನು ಮಾನ್ ಮೊದಲು ತುಸು ಸಾಂತ್ವನದ ಧಾಟಿಯಲ್ಲಿ ಬರೆದಿದ್ದರು. ಇಷ್ಟು ಸುಲಭದ ಸಮಾಧಾನ ಸಲ್ಲದೆಂದು ಆಡೋರ್ನೊ ಆಕ್ಷೇಪಿಸಿದರು. ಮಾನ್ ಒಪ್ಪಿ ತಿದ್ದಿದರು. ಇಂದು ನಾವು ಓದುವ ಅಂತ್ಯದಲ್ಲಿ ವಾದ್ಯಗಳು ಒಂದೊಂದಾಗಿ ಹಿಂದೆ ಸರಿದು, ಚೆಲ್ಲೋದ ಒಂದೇ ಒಂದು ತಾರಸ್ವರ ಮೌನದ ಅಂಚಿನಲ್ಲಿ ಉಳಿಯುತ್ತದೆ. ಕಾದಂಬರಿಯ ಅತ್ಯುತ್ತಮ ಪುಟಗಳಲ್ಲಿ ಅದೂ ಒಂದು.

ಆದರೆ ಇನ್ನೊಂದು ಋಣ ಇಷ್ಟು ಸಲೀಸಾಗಿ ತೀರಲಿಲ್ಲ. ನಮ್ಮ ಸಂಗೀತದಲ್ಲಿರುವಂತೆ ಪಾಶ್ಚಾತ್ಯ ಸಂಗೀತದಲ್ಲೂ ಒಂದು ಸ್ಥಾಯಿಗೆ ಹನ್ನೆರಡು ಸ್ವರಸ್ಥಾನಗಳು. ನಮ್ಮಲ್ಲಿ ಆಧಾರಷಡ್ಜಕ್ಕೆ ಇರುವ ಮಹತ್ವ, ಅಲ್ಲಿಯೂ ಕೃತಿಯ ಮೂಲಸ್ವರಕ್ಕೆ ಶತಮಾನಗಳ ಕಾಲ ಇತ್ತು. ವಿಯೆನ್ನಾದಲ್ಲಿ ಜನಿಸಿದ ಆರ್ನಾಲ್ಡ್ ಷೋನ್‌ಬರ್ಗ್ 1920ರ ದಶಕದಲ್ಲಿ ಈ ಯಜಮಾನಿಕೆಯನ್ನು ಕಿತ್ತೊಗೆದು ಹೊಸ ವಿಧಾನವೊಂದನ್ನು ರೂಪಿಸಿದರು. ರಚನಕಾರ ಹನ್ನೆರಡು ಸ್ವರಗಳನ್ನೂ ತನ್ನಿಷ್ಟದ ಒಂದು ಸಾಲಿನಲ್ಲಿ ಜೋಡಿಸಬೇಕು. ಸಾಲು ಮುಗಿಯುವವರೆಗೆ ಯಾವ ಸ್ವರವೂ ತನ್ನ ಸರದಿ ಮೀರಿ ಬರುವಂತಿಲ್ಲ. ಸಾಲನ್ನು ಹಿಂದುಮುಂದಾಗಿ, ತಲೆಕೆಳಗಾಗಿ ಬಳಸಬಹುದು. ಯಾವ ಸ್ವರಕ್ಕೂ ಸ್ವಾತಂತ್ರ್ಯವಿಲ್ಲದ, ಯಾವುದೂ ಆಕಸ್ಮಿಕವಲ್ಲದ ಈ ಕಟ್ಟುಪಾಡು ಮಾನ್ ಅವರ ಸೈತಾನಕಥೆಗೆ ಹೇಳಿ ಮಾಡಿಸಿದಂತಿತ್ತು. ಕಾದಂಬರಿಯಲ್ಲಿ ಅದನ್ನು ಲೆವರ್‌ಕ್ಯೂನ್‌ನೇ ಕಂಡುಹಿಡಿಯುತ್ತಾನೆ. ಷೋನ್‌ಬರ್ಗ್ ಹೆಸರು ಎಲ್ಲಿಯೂ ಬರುವುದಿಲ್ಲ.

ಷೋನ್‌ಬರ್ಗ್ ದೂರದವರೇನಲ್ಲ. ಯಹೂದಿಯಾದ ಅವರೂ 1933ರಲ್ಲಿ ಜರ್ಮನಿ ತೊರೆದು, ಅದೇ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿ, ಮಾನ್ ಅವರೊಡನೆ ಊಟದ ಮೇಜು ಹಂಚಿಕೊಂಡಿದ್ದವರು. 1947ರಲ್ಲಿ ಪುಸ್ತಕ ಪ್ರಕಟವಾದಾಗ ಮಾನ್ ಒಂದು ಪ್ರತಿಯನ್ನು, ನಿಜವಾದ ಒಡೆಯ ನೀವೇ ಎಂಬ ಧ್ವನಿಯ ಅರ್ಪಣೆ ಬರೆದು ಅವರಿಗೆ ಕಳುಹಿಸಿದರು. ದೃಷ್ಟಿ ಮಂದವಾಗಿದ್ದ ಷೋನ್‌ಬರ್ಗ್ ಅದನ್ನು ಸ್ವತಃ ಓದಲಿಲ್ಲ. ಇತರರಿಂದ ಕೇಳಿ ತಿಳಿದು ಕೆರಳಿದರು. ಹನ್ನೆರಡು ಸ್ವರಗಳ ವಿಧಾನದ ಜನಕ ಥಾಮಸ್ ಮಾನ್ ಎಂದು ಭವಿಷ್ಯದ ವಿಶ್ವಕೋಶವೊಂದು ಬರೆದಂತೆ ಅಣಕು ಬರಹ ರಚಿಸಿ, ಕಲ್ಪಿತ ವಿದ್ವಾಂಸನೊಬ್ಬನ ಹೆಸರಿನಲ್ಲಿ ಮಾನ್ ಅವರಿಗೆ ಕಳುಹಿಸಿದರು.

ಈ ಕೋಪವನ್ನು ಹಿರಿಯ ಕಲಾವಿದನ ಮುಂಗೋಪವೆಂದು ತಳ್ಳಿಹಾಕುವವರಿದ್ದಾರೆ. ಅದು ನ್ಯಾಯವಲ್ಲ. ನಾಟ್ಸಿ ಜರ್ಮನಿಯಲ್ಲಿ ಷೋನ್‌ಬರ್ಗ್ ಸಂಗೀತ ‘ಅಧಃಪತಿತ’ವೆಂಬ ಹಣೆಪಟ್ಟಿ ಹೊತ್ತಿತ್ತು, ಅಮೆರಿಕದಲ್ಲಿ ಅದನ್ನು ಕೇಳುವವರು ಕೆಲವರೇ. ದೇಶಭ್ರಷ್ಟನಾಗಿ ಬರುವಾಗ ಅವರು ಜೊತೆಗೆ ತಂದ ಆಸ್ತಿಯೆಂದರೆ ಈ ಒಂದು ವಿಚಾರ. ಅದು ಈಗ ನೊಬೆಲ್ ಪುರಸ್ಕೃತರೊಬ್ಬರ ಪುಸ್ತಕದಲ್ಲಿ, ಲೈಂಗಿಕ ರೋಗದಿಂದ ಬುದ್ಧಿ ಕಳೆದುಕೊಳ್ಳುವ ಪಾತ್ರವೊಂದರ ಆವಿಷ್ಕಾರವಾಗಿತ್ತು. ಅದೂ ಸೈತಾನನ ಕೊಡುಗೆಯಾಗಿ.

ಮಾನ್ ಮಣಿದರು. ಆ ವಿಧಾನ ಷೋನ್‌ಬರ್ಗ್ ಅವರ ಬೌದ್ಧಿಕ ಸ್ವತ್ತು ಎಂಬ ಟಿಪ್ಪಣಿ ಪುಸ್ತಕದ ಕೊನೆಯಲ್ಲಿ ಸೇರಿತು. ಆದರೆ ಆ ಟಿಪ್ಪಣಿ ಅವರನ್ನು ‘ಸಮಕಾಲೀನ ರಚನಕಾರ’ನೆಂದು ಕರೆದದ್ದೇ ಮತ್ತೊಂದು ಗಾಯವಾಯಿತು. 1949ರ ಜನವರಿಯಲ್ಲಿ ಅಮೆರಿಕದ ‘ಸ್ಯಾಟರ್ಡೇ ರಿವ್ಯೂ ಆಫ್ ಲಿಟರೇಚರ್’ ಪತ್ರಿಕೆಯಲ್ಲಿ ಷೋನ್‌ಬರ್ಗ್, ಯಾರು ಯಾರ ಸಮಕಾಲೀನರೆಂಬುದು ಎರಡು ಮೂರು ದಶಕಗಳಲ್ಲಿ ತಿಳಿಯುತ್ತದೆ ಎಂಬರ್ಥದಲ್ಲಿ ತಿರುಗೇಟು ನೀಡಿದರು. ಮಾನ್ ಸಂಯಮದಿಂದಲೇ ಉತ್ತರಿಸಿದರು. ಅದೇ ವರ್ಷ ಕಾದಂಬರಿ ಹುಟ್ಟಿದ ಬಗೆಯನ್ನು ಕುರಿತು ಅವರ ಪ್ರತ್ಯೇಕ ಪುಸ್ತಕವೂ ಬಂತು. ಆಡೋರ್ನೊ ಅವರ ಪಾಲು ಓದುಗರಿಗೆ ತಿಳಿದದ್ದು ಆಗಲೇ.

1950ರ ವೇಳೆಗೆ ಇಬ್ಬರು ಹಿರಿಯರೂ ಪತ್ರಗಳ ಮೂಲಕ ರಾಜಿಯಾದರು. ತಮ್ಮ ಪರ ನಿಂತವರಿಗೆ ಮುಜುಗರವಾಗದಿರಲೆಂದು ಷೋನ್‌ಬರ್ಗ್ ಅದನ್ನು ಬಹಿರಂಗಪಡಿಸಲು ಇಚ್ಛಿಸಲಿಲ್ಲ. 1951ರ ಜುಲೈ 13ರಂದು ಅವರು ತೀರಿಕೊಂಡರು. ಲೆವರ್‌ಕ್ಯೂನ್‌ನ ಸ್ವರಗಳು ಯಾರದೆಂದು ಹೇಳುವ ಆ ಟಿಪ್ಪಣಿ ಮಾತ್ರ ಕಾದಂಬರಿಯ ಕೊನೆಯ ಪುಟದ ಆಚೆಗೆ ಉಳಿದುಕೊಂಡಿತು.