ಗಂಟಲ ಗಂಟಿಗೆ ಸ್ಕ್ಯಾನಿಂಗ್: ಭಯವೂ ಬೇಡ, ಉದಾಸೀನವೂ ಬೇಡ

ಬಂಡಳ್ಳಿ: "ಸ್ಕ್ಯಾನಿಂಗ್ ಮಾಡ್ಸುದ್ರೆ ಮೈಗೆ ಕರೆಂಟು ಹೋಯ್ತದಂತೆ ಕನಕ್ಕ" ಎಂಬ ಮಾತು ನಮ್ಮ ಹನೂರು, ಕೊಳ್ಳೇಗಾಲದ ಕಡೆ ಹೊಸದೇನಲ್ಲ. ಕತ್ತಿನ ಮುಂದೆ ಗಂಟು ಕಂಡರೂ ಸೆರಗು ಮುಚ್ಚಿಕೊಂಡು ವರ್ಷಗಟ್ಟಲೆ ಸುಮ್ಮನಿರುವವರು ಒಂದು ಕಡೆ. ಸ್ವಲ್ಪ ಸುಸ್ತಾದರೆ ಸಾಕು, ದೊಡ್ಡ ಸ್ಕ್ಯಾನಿಂಗೇ ಆಗಬೇಕೆಂದು ಮೈಸೂರು ಬಸ್ಸು ಹತ್ತುವವರು ಇನ್ನೊಂದು ಕಡೆ. ಇಬ್ಬರಿಗೂ ನಷ್ಟವೇ.

ಥೈರಾಯ್ಡ್ ಎಂಬುದು ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ಇದರ ಕೆಲಸ ಕುಂದಿದರೆ ಸುಸ್ತು, ಮೈ ಭಾರ, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಮುಟ್ಟಿನ ಏರುಪೇರು. ಕೆಲಸ ಹೆಚ್ಚಾದರೆ ಎದೆ ಡವಡವ, ಕೈ ನಡುಕ, ಬೆವರು. ಚೆನ್ನಾಗಿ ಉಂಡರೂ ಮೈ ಇಳಿಯುತ್ತದೆ. ಇಂಥ ಲಕ್ಷಣ ಕಂಡರೆ ಮೊದಲು ಬೇಕಾದ್ದು ಸ್ಕ್ಯಾನಿಂಗ್ ಅಲ್ಲ, ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆ.

ಕತ್ತಿನಲ್ಲಿ ಗಂಟು ಇದ್ದರೆ ಆಗ ಸ್ಕ್ಯಾನಿಂಗ್ ಮಾತು. ಅದರಲ್ಲಿ ಎರಡು ಬಗೆ. ಒಂದು ಅಲ್ಟ್ರಾಸೌಂಡ್. ಹೊಟ್ಟೆಯೊಳಗಿನ ಮಗುವನ್ನು ನೋಡುತ್ತಾರಲ್ಲ, ಅದೇ ರೀತಿ. ಶಬ್ದದ ಅಲೆಯಿಂದ ಚಿತ್ರ ತೆಗೆಯುವುದರಿಂದ ಇದರಲ್ಲಿ ವಿಕಿರಣವೇ ಇಲ್ಲ. ಬಸುರಿಯರಿಗೂ ತೊಂದರೆಯಿಲ್ಲ.

ಎರಡನೆಯದು ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವ ನ್ಯೂಕ್ಲಿಯರ್ ಸ್ಕ್ಯಾನ್. ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೂಜಿಯಲ್ಲಿ ಕೊಟ್ಟು, ಸುಮಾರು 20 ನಿಮಿಷದ ನಂತರ ಚಿತ್ರ ತೆಗೆಯುತ್ತಾರೆ. ಇದರ ಶಕ್ತಿ ಪ್ರತಿ 6 ಗಂಟೆಗೆ ಅರ್ಧಕ್ಕಿಳಿಯುತ್ತದೆ. ಮಾರನೆಯ ದಿನಕ್ಕೆ ಹದಿನಾರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಮೈಗೆ ತಾಗುವ ವಿಕಿರಣವಾದರೂ ಎಷ್ಟು? ಮಣ್ಣು, ಗಾಳಿ, ಆಕಾಶದಿಂದ ಒಂದೆರಡು ವರ್ಷದಲ್ಲಿ ನಮ್ಮೆಲ್ಲರಿಗೂ ತಾಗುವಷ್ಟು. ಕ್ಯಾನ್ಸರ್ ರೋಗಿಗಳಿಗೆ ಕೊಡುವ "ಕರೆಂಟಿ"ಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಬಸುರಿಯರಿಗೆ ಇದನ್ನು ಮಾಡುವುದಿಲ್ಲ. ಎದೆಹಾಲು ಕುಡಿಸುವ ತಾಯಂದಿರು ಮೊದಲೇ ತಿಳಿಸಬೇಕು.

ಗ್ರಂಥಿ ಏಕೆ ಅತಿಯಾಗಿ ಕೆಲಸ ಮಾಡುತ್ತಿದೆ ಎಂಬುದು ಈ ಚಿತ್ರದಿಂದ ತಿಳಿಯುತ್ತದೆ. ಔಷಧ ಹೀರಿದ ಗಂಟು "ಬಿಸಿ ಗಂಟು". ಅದರಲ್ಲಿ ಕ್ಯಾನ್ಸರ್ ಬಹಳ ಅಪರೂಪ. ಹೀರದ್ದು "ತಣ್ಣನೆ ಗಂಟು". ಅದರಲ್ಲೂ ಹೆಚ್ಚಿನವು ನಿರಪಾಯವೇ, ಆದರೆ ಸೂಜಿ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕಾಗಬಹುದು.

ಹಾಗಂತ ಎಲ್ಲರ ಕತ್ತಿಗೂ ಸ್ಕ್ಯಾನಿಂಗ್ ಬೇಕೇ? ಬೇಡ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತರ ಕತ್ತನ್ನೂ ಪರೀಕ್ಷಿಸುತ್ತಾ ಹೋದರು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾದದ್ದು 15 ಪಟ್ಟು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಸುಮ್ಮನಿದ್ದರೂ ನಡೆಯುತ್ತಿದ್ದ ಗಂಟುಗಳಿಗೆಲ್ಲ ಕತ್ತರಿ ಬಿತ್ತು! ಕೂಲಿ ಕಳೆದುಕೊಂಡು, ಬಸ್ ಚಾರ್ಜು ಕೊಟ್ಟು ಹೋಗುವ ನಮ್ಮ ಜನ ಇದನ್ನು ನೆನಪಿಡಬೇಕು. ವೈದ್ಯರು ಬರೆದುಕೊಟ್ಟರೆ ಹಿಂಜರಿಯಬೇಡಿ. ಬರೆದುಕೊಡದಿದ್ದರೆ ಪೀಡಿಸಬೇಡಿ.

ನಿಜವಾದ ಅಪಾಯ ಉದಾಸೀನದಲ್ಲಿದೆ. ತಾಯಿಯ ಥೈರಾಯ್ಡ್ ಕುಂದಿದ್ದು ಚಿಕಿತ್ಸೆ ಆಗದಿದ್ದರೆ ಗರ್ಭಪಾತದ ಸಂಭವ ಹೆಚ್ಚು, ಮಗುವಿನ ಮಿದುಳಿಗೂ ಪೆಟ್ಟು. ಹುಟ್ಟಿದ ಮಗುವಿಗೇ ಈ ಕೊರತೆ ಇದ್ದರೆ ಮೊದಲ ಕೆಲವೇ ವಾರಗಳಲ್ಲಿ ಮಾತ್ರೆ ಶುರುವಾಗಬೇಕು. ತಡವಾದರೆ ಬುದ್ಧಿ ಬೆಳೆಯದು. ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲಿ ಇದು ತಿಳಿಯುತ್ತದೆ. ಇನ್ನು ಮಾತ್ರೆ ನುಂಗುವವರು "ಈಗ ಚೆನ್ನಾಗಿದ್ದೀನಿ" ಎಂದು ತಾವಾಗಿಯೇ ನಿಲ್ಲಿಸಬಾರದು.

ಅಂಗಡಿಯವರಿಗೂ ಒಂದು ಮಾತು. ಗಳಗಂಡಕ್ಕೆ ಮುಖ್ಯ ಕಾರಣಗಳಲ್ಲೊಂದು ಅಯೋಡಿನ್ ಕೊರತೆ. ಅದಕ್ಕಾಗಿಯೇ ಸರ್ಕಾರ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರುವುದಕ್ಕೆ 2006ರ ಮೇ 17ರಿಂದ ದೇಶಾದ್ಯಂತ ನಿಷೇಧ ಜಾರಿಯಾಯಿತು. ಗಿರಾಕಿಯ ಕೈ ಸೇರುವಾಗ ಒಂದು ಕೆ.ಜಿ. ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ಬಾಯಿ ತೆರೆದ ಮೂಟೆಯನ್ನು ಬಿಸಿಲು, ಮಳೆಗೆ ಇಟ್ಟರೆ ಅದು ಉಳಿಯುವುದಾದರೂ ಹೇಗೆ?

ಉಪ್ಪಿಗೆ ಪರೀಕ್ಷಾ ದ್ರಾವಣದ ಒಂದು ತೊಟ್ಟು ಬಿಟ್ಟರೆ ಸಾಕು, ಅಯೋಡಿನ್ ಇದ್ದರೆ ನೀಲಿ-ನೇರಳೆ ಬಣ್ಣ ತಿರುಗುತ್ತದೆ. ಈ ಪರೀಕ್ಷೆಯನ್ನು ನಮ್ಮ ಭಾಗದ ಸಂತೆಗಳಲ್ಲಿ ಜನರೆದುರೇ ಮಾಡಿ ತೋರಿಸಿದರೆ ನೂರು ಭಾಷಣಕ್ಕಿಂತ ಮೇಲು. ಆರೋಗ್ಯ ಇಲಾಖೆಯವರು ಇತ್ತ ಗಮನ ಹರಿಸುವರೇ?